ಮನಸ್ಸಿನ ಬೇನೆಗೆ ಫೀಸೆಷ್ಟು, ಷರತ್ತೇನು?

ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಮಾತ್ರ ಕಾಣುತ್ತಿದ್ದ ‘ಆಪ್ತಸಮಾಲೋಚನಾ ಕೇಂದ್ರ’ ಎಂಬ ಬೋರ್ಡುಗಳು ಈಗ ಜಿಲ್ಲಾ ಊರುಗಳ ಬೀದಿಗಳಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ಹಲ್ಲಿನ ವೈದ್ಯರ ಬೋರ್ಡಿನ ಪಕ್ಕದಲ್ಲಿ, ಕನ್ನಡಕದಂಗಡಿಯ ಮಹಡಿಯ ಮೇಲೆ ಇವೂ ತೂಗುತ್ತಿವೆ. ಇದನ್ನು ನಾವು ಸ್ವಾಗತಿಸುತ್ತೇವೆ. ಮನಸ್ಸು ಕೆಟ್ಟವನನ್ನು ಕತ್ತಲೆ ಕೋಣೆಗೆ ದೂಡುವುದು, ಇಲ್ಲವೆ ದೆವ್ವ ಬಿಡಿಸುವವನ ಬೆತ್ತಕ್ಕೆ ಒಪ್ಪಿಸುವುದು, ಇವೆರಡೇ ದಾರಿಗಳಿದ್ದ ಸಮಾಜದಲ್ಲಿ, ಕುಳಿತು ಮಾತನಾಡಿ ಬೇನೆ ಕಳೆಯಬಹುದೆಂಬ ತಿಳಿವು ಹಬ್ಬುತ್ತಿರುವುದು ಸಣ್ಣ ಸಂಗತಿಯಲ್ಲ. ನಾಚಿಕೆಯನ್ನು ಬಿಟ್ಟು ಆ ಮಹಡಿಯ ಮೆಟ್ಟಿಲು ಹತ್ತುವವರ ಸಂಖ್ಯೆಯೂ ಹೆಚ್ಚುತ್ತಿದೆ.

ಆದರೆ ಮೆಟ್ಟಿಲು ಹತ್ತಿದವನು ಎದುರಿಸುವ ಮೊದಲ ಪ್ರಶ್ನೆ ಅವನ ಮನಸ್ಸಿಗೆ ಸಂಬಂಧಿಸಿದ್ದಲ್ಲ. ಅವನ ಜೇಬಿಗೆ ಸಂಬಂಧಿಸಿದ್ದು. ಒಂದು ಸಲಕ್ಕೆ ಎಷ್ಟು? ಎಷ್ಟು ಸಲ ಬರಬೇಕು? ಬರಲಾಗದಿದ್ದರೆ ಏನು? ಹೇಳಿದ ಮಾತು ಹೊರಗೆ ಹೋಗುವುದಿಲ್ಲವಷ್ಟೆ? ‘ನಾಚಬೇಡಿ, ಸಹಾಯ ಕೇಳಿ’ ಎಂದು ಸರ್ಕಾರ ಭಿತ್ತಿಪತ್ರ ಅಂಟಿಸುತ್ತದೆ. ಕೇಳಿದ ಸಹಾಯದ ಬಿಲ್ಲನ್ನು ಯಾರು ತೆರಬೇಕೆಂಬುದನ್ನು ಆ ಭಿತ್ತಿಪತ್ರ ಹೇಳುವುದಿಲ್ಲ. ಯಾರೂ ಬಾಯಿಬಿಟ್ಟು ಆಡದ ಈ ಲೆಕ್ಕವನ್ನು ಈ ವಾರ ಓದುಗರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲು ಬೋರ್ಡಿನ ಮೇಲಿನ ಹೆಸರುಗಳನ್ನು ಬಿಡಿಸಿ ನೋಡೋಣ. ಮನೋವೈದ್ಯ ಎಂದರೆ ವೈದ್ಯಪದವಿ ಪಡೆದು, ಮೇಲೆ ಮನೋರೋಗಶಾಸ್ತ್ರವನ್ನು ಓದಿದವನು. ಔಷಧಿ ಬರೆಯುವ ಅಧಿಕಾರ ಅವನದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಆಸ್ಪತ್ರೆಯ ತರಬೇತಿ ಪಡೆದವನು. ಇದುವರೆಗೆ ಸಾಮಾನ್ಯವಾಗಿ ಎರಡು ವರ್ಷದ ಎಂ.ಫಿಲ್. ಮೂಲಕ ಈ ತರಬೇತಿ ನಡೆದಿದೆ. ೧೯೯೨ರ ಶಾಸನದಂತೆ ಸ್ಥಾಪಿತವಾದ ಭಾರತೀಯ ಪುನರ್ವಸತಿ ಮಂಡಲಿಯಲ್ಲಿ ಅವನು ನೋಂದಣಿಯಾಗಿರಬೇಕು. ಇನ್ನು ‘ಕೌನ್ಸೆಲರ್’ ಅಥವಾ ‘ಆಪ್ತಸಮಾಲೋಚಕ’ ಎಂಬ ಹೆಸರಿದೆ. ಈ ಹೆಸರಿಗೆ ಬಹುಕಾಲ ಬೇಲಿಯೇ ಇರಲಿಲ್ಲ. ಎರಡು ವರ್ಷ ಕಷ್ಟಪಟ್ಟು ಓದಿ, ಹಿರಿಯರ ಕೈಕೆಳಗೆ ನೂರಾರು ಗಂಟೆ ಪಳಗಿದವರೂ ಕೌನ್ಸೆಲರ್. ಎರಡು ವಾರಾಂತ್ಯದ ಶಿಬಿರ ಮುಗಿಸಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದವರೂ ಕೌನ್ಸೆಲರ್. ೨೦೨೧ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಆರೋಗ್ಯ ಸಹಾಯಕ ವೃತ್ತಿಗಳ ಶಾಸನವು ಸಮಾಲೋಚಕರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿತು. ಆದರೆ ಶಾಸನ ಗೆಜೆಟ್ಟಿನಲ್ಲಿ ಅಚ್ಚಾದ ಮಾತ್ರಕ್ಕೆ ಬೀದಿಯ ಬೋರ್ಡು ಬದಲಾಗುವುದಿಲ್ಲ. ಆದುದರಿಂದ ಫೀಸನ್ನು ಕೇಳುವ ಮೊದಲು ಓದನ್ನು ಕೇಳಬೇಕು. ‘ತಾವು ಏನು ಓದಿದ್ದೀರಿ, ಎಲ್ಲಿ ತರಬೇತಾದಿರಿ, ನೋಂದಣಿ ಸಂಖ್ಯೆ ಏನು’ ಎಂದು ಕೇಳುವುದು ಅವಮಾನವಲ್ಲ. ಸರಿಯಾಗಿ ಓದಿದವರು ಈ ಪ್ರಶ್ನೆಗೆ ಮುಖ ಸಿಂಡರಿಸುವುದಿಲ್ಲ.

ಈಗ ಫೀಸಿನ ಮಾತು. ಬೆಂಗಳೂರಿನಲ್ಲಿ ಖಾಸಗಿ ಸಮಾಲೋಚಕರ ಒಂದು ಭೇಟಿಗೆ ಸಾವಿರದಿಂದ ಎರಡು ಸಾವಿರ ರೂಪಾಯಿ ತೆರುವುದು ಸಾಮಾನ್ಯವಾಗಿದೆ. ಹೆಸರಾದವರಲ್ಲಿ ಅದಕ್ಕಿಂತ ಹೆಚ್ಚು. ಜಿಲ್ಲಾ ಊರುಗಳಲ್ಲಿ ಇದಕ್ಕಿಂತ ಕಡಿಮೆಗೂ ಸಿಗುತ್ತದೆ. ಭೇಟಿ ಎಂದರೆ ನಲವತ್ತೈದರಿಂದ ಐವತ್ತು ನಿಮಿಷ. ಮೊದಲನೆಯ ಭೇಟಿ ಕೆಲವೆಡೆ ಉದ್ದ, ಅದರ ದರವೂ ಹೆಚ್ಚು. ಇದು ಒಂದು ಸಲಕ್ಕೆ ಮುಗಿಯುವ ವ್ಯವಹಾರವಲ್ಲ. ಖಿನ್ನತೆ, ಆತಂಕಗಳಿಗೆ ಇಂದು ಹೆಚ್ಚು ಬಳಕೆಯಲ್ಲಿರುವ ಮಾತಿನ ಚಿಕಿತ್ಸೆಗಳು ವಾರಕ್ಕೊಂದರಂತೆ ಹನ್ನೆರಡು ಭೇಟಿಗಳನ್ನಾದರೂ ಬೇಡುತ್ತವೆ. ಎಷ್ಟೋ ಸಲ ಇಪ್ಪತ್ತಕ್ಕೂ ಹೋಗುತ್ತವೆ.

ಇದನ್ನು ಕೂಲಿಯ ಲೆಕ್ಕಕ್ಕೆ ತಿರುಗಿಸಿ ನೋಡಿ. ೨೦೨೫-೨೬ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೆಲಸಕ್ಕೆ ಗೊತ್ತಾಗಿದ್ದ ದಿನಗೂಲಿ ೩೭೦ ರೂಪಾಯಿ. ಒಂದು ಭೇಟಿಗೆ ೧,೫೦೦ ರೂಪಾಯಿ ಎಂದಿಟ್ಟುಕೊಂಡರೆ, ಐವತ್ತು ನಿಮಿಷದ ಮಾತಿಗೆ ನಾಲ್ಕು ದಿನ ಮಣ್ಣು ಹೊರಬೇಕು. ತಿಂಗಳಿಗೆ ನಾಲ್ಕು ಭೇಟಿಗಳಾದರೆ ಹದಿನಾರು ದಿನದ ದುಡಿಮೆ ಅಲ್ಲಿಗೆ ಸಂದಿತು. ಹನ್ನೆರಡು ಭೇಟಿಗಳು ಮುಗಿಯುವ ಹೊತ್ತಿಗೆ ೧೮,೦೦೦ ರೂಪಾಯಿ, ಎಂದರೆ ನಲವತ್ತೆಂಟು ದಿನಗಳ ಕೂಲಿ ಮೀರುತ್ತದೆ. ಇದಕ್ಕೆ ಬಸ್ಸಿನ ಖರ್ಚು, ಆ ದಿನ ತಪ್ಪಿದ ಕೂಲಿ, ಜೊತೆಗೆ ಬಂದವರಿಗೆ ತಪ್ಪಿದ ಕೂಲಿ ಇವನ್ನೂ ಸೇರಿಸಬೇಕು. ಅತಿಥಿ ಉಪನ್ಯಾಸಕ, ಅಂಗನವಾಡಿ ಕಾರ್ಯಕರ್ತೆ, ಗಾರ್ಮೆಂಟಿನ ಹುಡುಗಿ, ಅಂಗಡಿಯ ಗುಮಾಸ್ತ, ಇವರು ಯಾರೂ ಈ ಲೆಕ್ಕದಲ್ಲಿ ಪಾಸಾಗುವುದಿಲ್ಲ.

ಹಾಗಾದರೆ ಸಮಾಲೋಚಕರು ಸುಲಿಗೆಕೋರರೆ? ಅಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯ. ಅವರಲ್ಲಿ ಹೆಚ್ಚಿನವರು ದುಡಿದು ತಿನ್ನುವ ಜನ. ಪರರ ಸಂಕಟವನ್ನು ಮನಸ್ಸಿಟ್ಟು ಕೇಳುವ ಕೆಲಸವನ್ನು ದಿನಕ್ಕೆ ಐದಾರು ಗಂಟೆಗಿಂತ ಹೆಚ್ಚು ಮಾಡಿದರೆ ಕೇಳುವ ಕಿವಿಯೇ ಕೆಡುತ್ತದೆ. ಮಾತು ಗೋಡೆಯಾಚೆ ಕೇಳಿಸದಂಥ ಕೋಣೆಗೆ ಬಾಡಿಗೆ ಕೊಡಬೇಕು. ಹಿರಿಯ ಸಮಾಲೋಚಕರಿಂದ ತಮ್ಮ ಕೆಲಸದ ಪರಿಶೀಲನೆ ಮಾಡಿಸಿಕೊಳ್ಳಲು ತಾವೇ ಹಣ ತೆರಬೇಕು. ಟಿಪ್ಪಣಿ ಬರೆಯುವ, ಓದುವ, ಮುಂದಿನ ಭೇಟಿಗೆ ಸಿದ್ಧವಾಗುವ ಗಂಟೆಗಳಿಗೆ ಕೂಲಿ ಇಲ್ಲ. ಖಾಯಿಲೆ ಬಿದ್ದರೆ ರಜೆಯೂ ಇಲ್ಲ. ಮೊಬೈಲ್ ಆ್ಯಪುಗಳ ಮೂಲಕ ಕೆಲಸ ಮಾಡುವವರ ಗಳಿಕೆಯಲ್ಲಿ ಒಂದು ಪಾಲನ್ನು ಆ ಕಂಪೆನಿಯ ಯಜಮಾನನು ಮೊದಲೇ ಕತ್ತರಿಸಿಕೊಳ್ಳುತ್ತಾನೆ. ಟ್ಯಾಕ್ಸಿ ಓಡಿಸುವವನ ಪಾಡಿಗೂ ಇವರ ಪಾಡಿಗೂ ಆ ಮಟ್ಟಿಗೆ ವ್ಯತ್ಯಾಸವಿಲ್ಲ. ಫೀಸನ್ನು ಅರ್ಧಕ್ಕಿಳಿಸಿ ಎಂದು ಒಬ್ಬೊಬ್ಬ ಸಮಾಲೋಚಕನ ಬಾಗಿಲಲ್ಲಿ ಧರಣಿ ಕೂತರೆ ಬಡವನ ಹೊರೆಯನ್ನು ಇನ್ನೊಬ್ಬ ದುಡಿಯುವವನ ಹೆಗಲಿಗೆ ದಾಟಿಸಿದಂತಾಗುತ್ತದೆ, ಅಷ್ಟೆ. ಹಲವರು ತಮ್ಮ ಗಂಟೆಗಳಲ್ಲಿ ಕೆಲವನ್ನು ಕಡಿಮೆ ದರಕ್ಕೆ ಮೀಸಲಿಡುತ್ತಾರೆ. ಅದು ಪ್ರಶಂಸನೀಯ. ಕೇಳಿದರೆ ಮಾತ್ರ ಗೊತ್ತಾಗುವ ಸೌಲಭ್ಯವಿದು. ಸಂಕೋಚ ಬಿಟ್ಟು ಕೇಳಬೇಕು. ಆದರೆ ಒಬ್ಬರ ದಯೆ ಸಮಾಜದ ವ್ಯವಸ್ಥೆಯಾಗಲಾರದು.

ಫೀಸಿಗಿಂತಲೂ ನಾವು ಹೆಚ್ಚು ಗಮನಿಸಬೇಕಾದದ್ದು ಷರತ್ತುಗಳನ್ನು. ಅವುಗಳಲ್ಲಿ ಮುಖ್ಯವಾದುದು ಇದು: ಗೊತ್ತಾದ ಸಮಯಕ್ಕೆ ಬರಲಾಗದಿದ್ದರೆ ಇಪ್ಪತ್ತನಾಲ್ಕು ಗಂಟೆ, ಕೆಲವೆಡೆ ನಲವತ್ತೆಂಟು ಗಂಟೆ ಮೊದಲೇ ತಿಳಿಸಬೇಕು, ಇಲ್ಲದಿದ್ದರೆ ಬಾರದ ಭೇಟಿಗೂ ಪೂರ್ತಿ ಫೀಸು. ತಡವಾಗಿ ಬಂದರೆ ಉಳಿದ ನಿಮಿಷಗಳಷ್ಟೇ ಲಭ್ಯ. ಈ ನಿಯಮ ನಿನ್ನೆ ಮೊನ್ನೆಯದಲ್ಲ. ವಿಯೆನ್ನಾದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ ೧೯೧೩ರಲ್ಲಿ ಚಿಕಿತ್ಸೆಯ ಆರಂಭವನ್ನು ಕುರಿತು ಬರೆದ ಲೇಖನದಲ್ಲಿ ಇದನ್ನು ವಿವರಿಸಿದ್ದಾನೆ. ತನ್ನ ದಿನದ ಒಂದು ನಿಶ್ಚಿತ ಗಂಟೆಯನ್ನು ರೋಗಿಗೆ ಗೇಣಿಗೆ ಕೊಟ್ಟಂತೆ ಕೊಡುತ್ತೇನೆ, ಅವನು ಬಂದರೂ ಬಾರದಿದ್ದರೂ ಆ ಗಂಟೆಯ ಹಣ ಅವನು ತೆರತಕ್ಕದ್ದು ಎಂಬುದು ಅವನ ನಿಲುವು. ಮೇಲ್ದರ್ಜೆಯ ಮನೆಗಳಲ್ಲಿ ಸಂಗೀತದ ಮೇಷ್ಟರಿಗೂ ಭಾಷೆ ಕಲಿಸುವವರಿಗೂ ಇದೇ ಪದ್ಧತಿ ಇದೆಯಲ್ಲ ಎಂದು ಅವನು ಸಮರ್ಥಿಸಿಕೊಂಡ.

ಸಮಾಲೋಚಕನ ಕಡೆಯಿಂದ ನೋಡಿದರೆ ನಿಯಮ ನ್ಯಾಯವಾಗಿಯೇ ಇದೆ. ಖಾಲಿ ಹೋದ ಗಂಟೆಯನ್ನು ಅವನು ಇನ್ನೊಬ್ಬರಿಗೆ ಮಾರಲಾರ. ಆದರೆ ಈ ನಿಯಮ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿತು? ಮನೆಗೆ ಸಂಗೀತದ ಮೇಷ್ಟರನ್ನು ಕರೆಸಿಕೊಳ್ಳುವವರನ್ನು. ತನ್ನ ನಾಳೆಯ ಮೇಲೆ ತನಗೆ ಹಿಡಿತವಿರುವವರನ್ನು. ಗುರುವಾರ ಸಂಜೆ ಐದು ಗಂಟೆಗೆ ತಾನು ಎಲ್ಲಿರುತ್ತೇನೆಂದು ಬುಧವಾರವೇ ಹೇಳಬಲ್ಲ ಮನುಷ್ಯ ನಮ್ಮ ದೇಶದಲ್ಲಿ ಎಷ್ಟು ಮಂದಿ? ಸಾರಿಗೆ ಸಂಸ್ಥೆಯ ಕಂಡಕ್ಟರಿಗೆ ಡ್ಯೂಟಿ ಬದಲಾಗುತ್ತದೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಆ ದಿನದ ಟಾರ್ಗೆಟ್ ಮುಗಿಯದಿದ್ದರೆ ಗೇಟು ತೆರೆಯುವುದಿಲ್ಲ. ಹೊಲದವನಿಗೆ ಮೋಟಾರಿಗೆ ಕರೆಂಟು ಬಂದ ಹೊತ್ತೇ ಕೆಲಸದ ಹೊತ್ತು. ಮನೆಯ ಹೆಂಗಸಿಗೆ ಅತ್ತೆಯ ಜ್ವರ, ಮಗುವಿನ ಭೇದಿ ಇಪ್ಪತ್ತನಾಲ್ಕು ಗಂಟೆ ಮೊದಲು ನೋಟೀಸು ಕೊಟ್ಟು ಬರುವುದಿಲ್ಲ. ಇವರೆಲ್ಲರ ಸಮಯಕ್ಕೆ ಬೇರೊಬ್ಬರು ಯಜಮಾನರು. ಭೂಮಿ ಇಲ್ಲದವನನ್ನು ನಾವು ಭೂಹೀನ ಎನ್ನುತ್ತೇವೆ. ತನ್ನ ಹೊತ್ತೇ ತನ್ನದಲ್ಲದವನಿಗೆ ನಮ್ಮಲ್ಲಿ ಹೆಸರೂ ಇಲ್ಲ. ಮನಸ್ಸನ್ನು ಹೆಚ್ಚು ಹಿಂಡುವುದು ಇದೇ ಪರಾಧೀನತೆ. ಚಿಕಿತ್ಸೆಯ ಬಾಗಿಲಲ್ಲಿ ದಂಡ ವಿಧಿಸುವುದೂ ಇದಕ್ಕೇ.

ಇದು ಬರಿಯ ತರ್ಕವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ೨೦೨೨ರ ಅಂಕಿಗಳಂತೆ ಆ ವರ್ಷ ದೇಶದಲ್ಲಿ ೧,೭೦,೯೨೪ ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ದಿನಗೂಲಿಗಳು. ಎಲ್ಲ ಸಾವಿಗೂ ಮಾತಿನ ಚಿಕಿತ್ಸೆಯೊಂದೇ ಮದ್ದೆಂದು ನಾವು ಹೇಳುವುದಿಲ್ಲ. ಸಾಲಕ್ಕೆ ಸಾಲಮನ್ನಾ ಬೇಕು, ಹಸಿವಿಗೆ ಅನ್ನ ಬೇಕು. ಆದರೆ ಹೇಳಿಕೊಳ್ಳಲು ಯಾರೂ ಇಲ್ಲದೆ ಹೋದವರ ಸಂಖ್ಯೆಯೂ ಈ ಮೊತ್ತದಲ್ಲಿ ಸೇರಿದೆಯೆಂಬುದನ್ನು ಯಾರು ನಿರಾಕರಿಸುತ್ತಾರೆ?

ಉಳಿದ ಷರತ್ತುಗಳನ್ನೂ ಓದುಗರು ತಿಳಿದಿರುವುದು ಲೇಸು. ಕೆಲವರು ಆರು ಅಥವಾ ಹತ್ತು ಭೇಟಿಗಳ ಹಣವನ್ನು ಒಟ್ಟಿಗೆ ಮುಂಗಡ ಕೇಳಿ, ಸ್ವಲ್ಪ ರಿಯಾಯಿತಿ ಕೊಡುತ್ತಾರೆ. ನಡುವೆ ಬಿಟ್ಟರೆ ಉಳಿದ ಹಣ ಹಿಂದಿರುಗುತ್ತದೆಯೆ ಎಂಬುದನ್ನು ಬರಹದಲ್ಲಿ ಕೇಳದೆ ಮುಂಗಡ ಕೊಡಬಾರದು. ಸಮಾಲೋಚಕರಿಗೂ ನಮಗೂ ಹೊಂದುತ್ತದೆಯೆಂಬುದು ಎರಡು ಮೂರು ಭೇಟಿಗಳಾದ ಮೇಲಷ್ಟೇ ತಿಳಿಯುವ ಸಂಗತಿ. ಹೊಂದದಿದ್ದರೆ ಬಿಟ್ಟು ಬೇರೆಯವರಲ್ಲಿಗೆ ಹೋಗುವುದು ತಪ್ಪಲ್ಲ. ಮೊದಲು ಹತ್ತು ಹದಿನೈದು ನಿಮಿಷ ಫೋನಿನಲ್ಲಿ ಪುಕ್ಕಟೆ ಮಾತನಾಡುವ ಪದ್ಧತಿ ಹಲವರಲ್ಲಿದೆ. ಫೀಸು, ಅವಧಿ, ರದ್ದತಿಯ ನಿಯಮ, ಎರಡು ಭೇಟಿಗಳ ನಡುವೆ ಫೋನು ಮಾಡಬಹುದೆ, ಅಪಾಯದ ಗಳಿಗೆಯಲ್ಲಿ ಯಾರನ್ನು ಕರೆಯಬೇಕು, ಇಷ್ಟನ್ನೂ ಆ ಹದಿನೈದು ನಿಮಿಷದಲ್ಲಿ ಕೇಳಿ ಬರೆದುಕೊಳ್ಳಬಹುದು. ಕಂಡಕ್ಟರನಿರಲಿ, ಕೂಲಿಯವನಿರಲಿ, ತನ್ನ ಕೆಲಸದ ರೀತಿಯನ್ನು ಆಗಲೇ ಹೇಳಿ, ‘ನನಗೆ ಒಂದೇ ವಾರ ಗೊತ್ತಾಗಿರುವುದಿಲ್ಲ, ರದ್ದತಿಯ ನಿಯಮದಲ್ಲಿ ವಿನಾಯಿತಿ ಇದೆಯೆ’ ಎಂದು ಕೇಳಬೇಕು. ಒಪ್ಪುವವರು ಇದ್ದಾರೆ.

ಗುಟ್ಟಿನ ವಿಷಯ ಇನ್ನೂ ಗಂಭೀರ. ಮಾನಸಿಕ ಅಸ್ವಸ್ಥನ ಆರೋಗ್ಯ ಮತ್ತು ಚಿಕಿತ್ಸೆಯ ವಿವರಗಳು ಗೋಪ್ಯವಾಗಿರಬೇಕೆಂದು ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಶಾಸನದ ೨೩ನೇ ವಿಧಿ ಹೇಳುತ್ತದೆ. ಜೀವಕ್ಕೆ ಅಪಾಯ, ಬೇರೆಯವರಿಗೆ ಹಾನಿ, ನ್ಯಾಯಾಲಯದ ಆಜ್ಞೆ, ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ಆದರೆ ಫೀಸು ಕೊಡುವವನು ಬೇರೆ, ಮಾತನಾಡುವವನು ಬೇರೆ ಆದಾಗ ಏನು? ಮಗಳ ಫೀಸನ್ನು ತಂದೆ ಕೊಡುತ್ತಾನೆ, ಹೆಂಡತಿಯದನ್ನು ಗಂಡ ಕೊಡುತ್ತಾನೆ. ‘ಹಣ ನನ್ನದು, ಅವಳು ಏನು ಹೇಳಿದಳು ತಿಳಿಸಿ’ ಎಂಬ ಒತ್ತಾಯ ಬಂದೇ ಬರುತ್ತದೆ. ಅಪ್ರಾಪ್ತ ವಯಸ್ಸಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕೆಂಬುದು ನಿಜ. ಆಗಲೂ ಏನನ್ನು ಪೋಷಕರಿಗೆ ಹೇಳಲಾಗುವುದು, ಏನನ್ನು ಹೇಳಲಾಗುವುದಿಲ್ಲ ಎಂಬುದು ಮೊದಲೇ ಗೊತ್ತಾಗಿರಬೇಕು. ಇನ್ನು ದೊಡ್ಡ ಕಂಪೆನಿಗಳು ತಮ್ಮ ನೌಕರರಿಗೆ ತಾವೇ ಹಣ ತೆತ್ತು ಸಮಾಲೋಚಕರನ್ನು ಒದಗಿಸುತ್ತಿವೆ. ಅಲ್ಲಿ ಆಡಿದ ಮಾತು ಯಜಮಾನನ ಕಿವಿಗೆ ಬೀಳುತ್ತದೆಯೆಂಬ ಅಂಜಿಕೆಯಿಂದ ನೌಕರರು ಬಾಯಿ ತೆರೆಯುವುದಿಲ್ಲ. ಎಷ್ಟು ಮಂದಿ ಬಂದರೆಂಬ ಸಂಖ್ಯೆಯ ಹೊರತು ಬೇರೇನೂ ಮಾಲೀಕರಿಗೆ ಹೋಗದೆಂಬ ಬರಹವನ್ನು ಕಾರ್ಮಿಕ ಸಂಘಗಳು ಕೇಳಿ ಪಡೆಯಬೇಕು.

ಭಾಷೆಯೂ ಒಂದು ಷರತ್ತೇ. ಸಹಿ ಹಾಕಬೇಕಾದ ಒಪ್ಪಿಗೆ ಪತ್ರ ಎಷ್ಟೋ ಕಡೆ ಇಂಗ್ಲಿಷಿನಲ್ಲಿರುತ್ತದೆ. ಆ್ಯಪಿನ ಪ್ರಶ್ನಾವಳಿ ಇಂಗ್ಲಿಷಿನಲ್ಲಿ; ಸಮಾಲೋಚಕರು ಓದಿದ ಪುಸ್ತಕಗಳೂ ಇಂಗ್ಲಿಷಿನವು. ‘ಎದೆ ಉರಿಯುತ್ತದೆ’, ‘ಜೀವ ಹಿಡಿ ಹಿಡಿ ಆಗುತ್ತದೆ’, ‘ಮನಸ್ಸು ಕೈಗೆ ಸಿಗುತ್ತಿಲ್ಲ’ ಎಂದು ನಮ್ಮ ಜನ ಹೇಳುವ ಮಾತುಗಳನ್ನು ಯಾವ ಪ್ರಶ್ನಾವಳಿಯ ಯಾವ ಚೌಕದಲ್ಲಿ ಗುರುತು ಹಾಕುವುದು? ತನ್ನ ತಾಯಿಯ ಸಾವನ್ನು ಪರಭಾಷೆಯಲ್ಲಿ ಅತ್ತು ಹಗುರಾದವರನ್ನು ನಾವು ಕಂಡಿಲ್ಲ. ಕನ್ನಡದಲ್ಲಿ ಕೇಳಬಲ್ಲ ಸಮಾಲೋಚಕರೇ ಬೇಕೆಂದು ಕೇಳುವುದು ಗ್ರಾಹಕನ ಹಕ್ಕು. ಅವನು ಓದಲಾರದ ಕಾಗದದ ಮೇಲಿನ ಸಹಿ ಒಪ್ಪಿಗೆಯಲ್ಲ.

ಇಷ್ಟನ್ನು ಹೇಳಿದೊಡನೆ ಒಂದು ಆಕ್ಷೇಪಣೆ ಬರುತ್ತದೆ. ‘ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ, ಹಣ ಕೊಟ್ಟರೆ ಮಾತ್ರ ರೋಗಿ ಚಿಕಿತ್ಸೆಯನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾನೆ.’ ಈ ವಾದವನ್ನು ೧೯೧೩ರ ಅದೇ ಲೇಖನದಲ್ಲಿ ಫ್ರಾಯ್ಡನೂ ಮಾಡಿದ್ದಾನೆ. ಆದರೆ ಐದು ವರ್ಷಗಳ ತರುವಾಯ, ಮೊದಲ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ, ೧೯೧೮ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟಿನ ಸಮ್ಮೇಳನದಲ್ಲಿ ಅವನೇ ಬೇರೊಂದು ಮಾತನ್ನಾಡಿದ. ಶಸ್ತ್ರಚಿಕಿತ್ಸೆಗೆ ಬಡವನಿಗಿರುವ ಹಕ್ಕು ಮನಸ್ಸಿನ ಚಿಕಿತ್ಸೆಗೂ ಇದೆಯೆಂಬುದು ಸಮಾಜದ ಅಂತಃಸಾಕ್ಷಿಗೆ ಒಂದು ದಿನ ಹೊಳೆಯುತ್ತದೆ, ಆಗ ಉಚಿತ ಚಿಕಿತ್ಸಾಲಯಗಳು ಬರಬೇಕಾಗುತ್ತದೆ ಎಂಬುದು ಆ ಮಾತಿನ ಸಾರ. ಅವನ ಶಿಷ್ಯರು ಕಾಯುತ್ತ ಕೂರಲಿಲ್ಲ. ೧೯೨೦ರಲ್ಲಿ ಬರ್ಲಿನ್ನಿನಲ್ಲಿ, ೧೯೨೨ರಲ್ಲಿ ಸೋಷಿಯಲ್ ಡೆಮೊಕ್ರಾಟರ ಆಡಳಿತವಿದ್ದ ವಿಯೆನ್ನಾದಲ್ಲಿ ಚಿಕಿತ್ಸಾಲಯಗಳು ತೆರೆದವು. ಕೊಡಬಲ್ಲವರು ಕೊಡಬಲ್ಲಷ್ಟು ಕೊಟ್ಟರು, ಕೊಡಲಾರದವರು ಕೊಡದೆಯೇ ಬಂದರು. ಆ ಪ್ರಯತ್ನವನ್ನು ಮುರಿದದ್ದು ಪುಕ್ಕಟೆತನವಲ್ಲ, ಹಿಟ್ಲರನ ಆಡಳಿತ. ಇಂಗ್ಲೆಂಡಿನಲ್ಲಿ ೨೦೦೮ರಿಂದ ರಾಷ್ಟ್ರೀಯ ಆರೋಗ್ಯ ಸೇವೆಯ ಅಂಗವಾಗಿ ಖಿನ್ನತೆ, ಆತಂಕಗಳಿಗೆ ಮಾತಿನ ಚಿಕಿತ್ಸೆ ಫೀಸಿಲ್ಲದೆ ದೊರೆಯುತ್ತಿದೆ; ಜನ ತಾವಾಗಿಯೇ ಹೆಸರು ನೋಂದಾಯಿಸಬಹುದು. ಅಲ್ಲಿಯ ಮುಖ್ಯ ದೂರು ಕಾಯಬೇಕಾದ ದಿನಗಳು ಹೆಚ್ಚೆಂಬುದು. ಪುಕ್ಕಟೆಯದಕ್ಕೆ ಬೆಲೆ ಇಲ್ಲದಿದ್ದರೆ ಜನ ಸರತಿಯಲ್ಲಿ ನಿಲ್ಲುವುದೇಕೆ?

‘ಅಷ್ಟೊಂದು ತಜ್ಞರನ್ನು ಎಲ್ಲಿಂದ ತರುವುದು’ ಎಂಬುದು ಎರಡನೆಯ ಆಕ್ಷೇಪಣೆ. ಇದಕ್ಕೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರದ ಪದವಿ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯವರಿಗೆ ಆರರಿಂದ ಎಂಟು ಭೇಟಿಗಳ ಮಾತಿನ ಚಿಕಿತ್ಸೆ ಕೊಡಿಸಿ ನೋಡಲಾಯಿತು. ಮಾಮೂಲು ಚಿಕಿತ್ಸೆ ಮಾತ್ರ ಪಡೆದವರಿಗಿಂತ ಇವರಲ್ಲಿ ಹೆಚ್ಚು ಮಂದಿ ಚೇತರಿಸಿಕೊಂಡರೆಂಬ ಫಲಿತಾಂಶ ೨೦೧೭ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, ೧೯೮೦ರ ದಶಕದಲ್ಲಿ, ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದು ತೋರಿಸಿದರು. ೧೯೯೬ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯೇ. ದೇಶಕ್ಕೆ ದಾರಿ ತೋರಿಸಿದ ರಾಜ್ಯದ ಜಿಲ್ಲಾ ಊರುಗಳಲ್ಲಿ ಇಂದು ಜನ ಖಾಸಗಿ ಬೋರ್ಡನ್ನು ಹುಡುಕುತ್ತ ಅಲೆಯಬೇಕೆಂದರೆ ಅದು ಯಾರ ಸಾಧನೆ?

ಏನೂ ಆಗಿಲ್ಲವೆಂದು ನಾವು ಹೇಳುತ್ತಿಲ್ಲ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ೧೪೪೧೬ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಖಾಸಗಿಯವರ ಬಾಗಿಲಿಗೆ ಹೋಗುವ ಮೊದಲು ಈ ಸಂಖ್ಯೆಯನ್ನು ಪ್ರಯತ್ನಿಸುವಂತೆ ನಾವು ಓದುಗರಿಗೆ ಹೇಳುತ್ತೇವೆ. ಜೀವ ಬೇಡವೆನ್ನಿಸುವ ಗಳಿಗೆಯಲ್ಲಂತೂ ತಡ ಮಾಡಬಾರದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಬಹುದು. ಆದರೆ ಅಲ್ಲಿ ಸರತಿ ಉದ್ದ, ಒಬ್ಬೊಬ್ಬರಿಗೆ ಸಿಗುವ ನಿಮಿಷಗಳು ಕೆಲವೇ. ಮಾತ್ರೆ ಬರೆಯಲು ಅಷ್ಟು ಹೊತ್ತು ಸಾಕಾಗಬಹುದು. ಹನ್ನೆರಡು ವಾರ, ವಾರಕ್ಕೆ ಐವತ್ತು ನಿಮಿಷ, ಅದೇ ಮನುಷ್ಯನ ಎದುರು ಕುಳಿತು ಮಾತನಾಡುವ ಚಿಕಿತ್ಸೆಗೆ ಅದು ಎಲ್ಲಿಂದ ಸಾಕಾದೀತು?

ಕಾನೂನು ಏನು ಹೇಳುತ್ತದೆಂದು ನೋಡಿದರೆ ಸರ್ಕಾರದ ಮೌನ ಇನ್ನೂ ಎದ್ದು ಕಾಣುತ್ತದೆ. ೨೦೧೭ರ ಶಾಸನದ ೧೮ನೇ ವಿಧಿಯಂತೆ, ಸರ್ಕಾರ ನಡೆಸುವ ಅಥವಾ ಹಣ ಒದಗಿಸುವ ಸೇವೆಗಳಿಂದ ಮಾನಸಿಕ ಆರೋಗ್ಯ ಪಾಲನೆ ಪಡೆಯುವುದು ಪ್ರತಿಯೊಬ್ಬನ ಹಕ್ಕು. ಆ ಸೇವೆ ಕೈಗೆಟುಕುವ ದರದ್ದೂ, ಒಳ್ಳೆಯ ಗುಣಮಟ್ಟದ್ದೂ, ಸಾಕಷ್ಟು ಪ್ರಮಾಣದ್ದೂ, ಹತ್ತಿರದ್ದೂ ಆಗಿರಬೇಕು. ಬಡತನದ ರೇಖೆಯ ಕೆಳಗಿನವರಿಗೆ, ಕಾರ್ಡು ಇರಲಿ ಇಲ್ಲದಿರಲಿ, ಅದು ಉಚಿತ. ಅಷ್ಟೇ ಅಲ್ಲ, ಶಾಸನ ಗೊತ್ತುಪಡಿಸಿದ ಕನಿಷ್ಠ ಸೇವೆಗಳು ಒಂದು ಜಿಲ್ಲೆಯಲ್ಲಿ ಇಲ್ಲದಿದ್ದರೆ, ಅಸ್ವಸ್ಥನು ಅದೇ ಜಿಲ್ಲೆಯ ಬೇರೆ ಮಾನಸಿಕ ಆರೋಗ್ಯ ಸೇವೆಗೆ ಹೋಗಬಹುದು, ಆ ವೆಚ್ಚವನ್ನು ಸರ್ಕಾರ ಭರಿಸತಕ್ಕದ್ದು, ಅದಕ್ಕಾಗಿ ನಿಯಮಗಳನ್ನು ಮಾಡತಕ್ಕದ್ದು ಎಂದೂ ಅದೇ ವಿಧಿ ಹೇಳುತ್ತದೆ. ಓದುಗರು ಈ ವಾಕ್ಯವನ್ನು ಎರಡು ಸಲ ಓದಬೇಕು. ತನ್ನಲ್ಲಿ ಇಲ್ಲದ ಸೇವೆಗೆ ತಾನೇ ಹಣ ತೆರಬೇಕೆಂದು ಸರ್ಕಾರವನ್ನು ಬದ್ಧಗೊಳಿಸಿದ ಶಾಸನವಿದು. ತಾಲ್ಲೂಕು ಕಛೇರಿಯಲ್ಲಾಗಲಿ, ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿನ ಮೇಲಾಗಲಿ ಇಂಥ ಮರುಪಾವತಿಗೆ ಅರ್ಜಿಯ ನಮೂನೆಯನ್ನು ಕಂಡವರು ಎಷ್ಟು ಜನ?

ವಿಮೆಯ ಕತೆಯೂ ಹೀಗೆಯೇ. ಅದೇ ಶಾಸನದ ೨೧ನೇ ವಿಧಿ, ದೇಹದ ರೋಗಕ್ಕೆ ಕೊಡುವಂತೆಯೇ ಮನಸ್ಸಿನ ರೋಗಕ್ಕೂ ವಿಮೆ ಕೊಡಬೇಕೆಂದಿತು. ವಿಮಾ ನಿಯಂತ್ರಣ ಪ್ರಾಧಿಕಾರ ೨೦೧೮ರಲ್ಲಿ ಕಂಪೆನಿಗಳಿಗೆ ಸುತ್ತೋಲೆ ಕಳುಹಿಸಿತು. ಆದರೆ ನಮ್ಮಲ್ಲಿ ಸಾಮಾನ್ಯ ಆರೋಗ್ಯ ವಿಮೆ ಎಂದರೆ ಆಸ್ಪತ್ರೆಗೆ ಸೇರಿ ಮಲಗಿದವನಿಗೆ ಮಾತ್ರ. ಸಮಾಲೋಚನೆಗೆ ಬರುವವನು ಮಲಗುವುದಿಲ್ಲ; ಬಂದು, ಮಾತನಾಡಿ, ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಹೀಗೆ ಬೇನೆ ಉಲ್ಬಣಿಸಿ ಹಾಸಿಗೆ ಹಿಡಿದವನಿಗೆ ಹಣ. ಹಿಡಿಯದಂತೆ ತಡೆಯಲು ಹೊರಟವನಿಗೆ ಬಿಡಿಗಾಸೂ ಇಲ್ಲ. ಇದು ದುಂದುವೆಚ್ಚವಲ್ಲದೆ ಮತ್ತೇನು?

೨೦೨೫ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳು ಅರ್ಹ ಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕೆಂದು ಮಾರ್ಗಸೂಚಿ ನೀಡಿತು. ಒಳ್ಳೆಯದು. ಆದರೆ ಗಣಿತದ ಮೇಷ್ಟರಿಗೆ ಮೂರು ದಿನದ ಶಿಬಿರ ಮಾಡಿಸಿ ‘ಸಮಾಲೋಚಕ’ ಎಂದು ರಿಜಿಸ್ಟರಿನಲ್ಲಿ ಬರೆದರೆ ಆ ಆಜ್ಞೆ ಪಾಲನೆಯಾದಂತಲ್ಲ. ಪೋಷಕರೂ ವಿದ್ಯಾರ್ಥಿ ಸಂಘಗಳೂ ಈ ಬಗ್ಗೆ ಎಚ್ಚರದಿಂದಿರಬೇಕು.

ನಮ್ಮ ಬೇಡಿಕೆಗಳನ್ನು ಸಂಗ್ರಹವಾಗಿ ಹೇಳುತ್ತೇವೆ. ಒಂದು: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಖಾಯಂ ನೌಕರಿಯ ಸಮಾಲೋಚಕರನ್ನು ನೇಮಿಸಬೇಕು. ಗುತ್ತಿಗೆಯ ಮೇಲೆ ಹನ್ನೊಂದು ತಿಂಗಳಿಗೆ ನೇಮಿಸಿ ಬಿಡಿಸುವ ಪದ್ಧತಿ ಇಲ್ಲಿ ಸಲ್ಲದು. ಮಾತಿನ ಚಿಕಿತ್ಸೆಯಲ್ಲಿ ಕೇಳುವ ಮನುಷ್ಯ ಬದಲಾದರೆ ಚಿಕಿತ್ಸೆ ಮೊದಲಿನಿಂದ ಶುರುವಾಗಬೇಕು. ಎರಡು: ಈ ಕೇಂದ್ರಗಳು ಸಂಜೆಯ ಹೊತ್ತಿನಲ್ಲಿಯೂ ಭಾನುವಾರದಲ್ಲಿಯೂ ತೆರೆದಿರಬೇಕು, ಬಾರದವನಿಗೆ ದಂಡವಿರಕೂಡದು. ಮೂರು: ೧೮ನೇ ವಿಧಿಯ ಮರುಪಾವತಿ ನಿಯಮಗಳನ್ನು ಕನ್ನಡದಲ್ಲಿ ಪ್ರಕಟಿಸಿ, ಅರ್ಜಿಯ ನಮೂನೆಯನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಡಬೇಕು. ನಾಲ್ಕು: ಖಾಸಗಿ ವೈದ್ಯಕೀಯ ಸಂಸ್ಥೆಗಳು ದರಗಳನ್ನು ಜನರಿಗೆ ತಿಳಿಯಪಡಿಸಬೇಕೆಂಬ ೨೦೦೭ರ ಕರ್ನಾಟಕ ಶಾಸನದ ತತ್ವವನ್ನು ಸಮಾಲೋಚನಾ ಕೇಂದ್ರಗಳಿಗೂ ಅನ್ವಯಿಸಿ, ವಿದ್ಯಾರ್ಹತೆ, ಫೀಸು, ರದ್ದತಿಯ ನಿಯಮ, ಗೋಪ್ಯತೆಯ ನಿಯಮ ಈ ನಾಲ್ಕನ್ನು ಕನ್ನಡದಲ್ಲಿ ಗೋಡೆಯ ಮೇಲೆ ಬರೆಸಬೇಕು. ಐದು: ಹೊರರೋಗಿಯಾಗಿ ಪಡೆದ ಮಾತಿನ ಚಿಕಿತ್ಸೆಯನ್ನು ವಿಮೆಯ ವ್ಯಾಪ್ತಿಗೆ ತರಬೇಕು.

ಸಮಾಲೋಚಕ ಮಿತ್ರರಿಗೂ ಒಂದು ಮಾತು. ತಾವು ಫೀಸು ತೆಗೆದುಕೊಳ್ಳುವುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ರದ್ದತಿಯ ನಿಯಮವನ್ನು ಬರೆಯುವಾಗ ಸ್ವಂತ ಕಾರಿನಲ್ಲಿ ಬರುವವನನ್ನು ಮಾತ್ರ ನೆನೆಯಬೇಡಿ. ಕೊನೆಯ ಬಸ್ಸು ತಪ್ಪಿದವನನ್ನೂ ನೆನೆಯಿರಿ. ಯಜಮಾನನ ಅಪ್ಪಣೆಯಿಂದ ತಪ್ಪಿದ ಭೇಟಿಗೂ ಅಲಕ್ಷ್ಯದಿಂದ ತಪ್ಪಿದ ಭೇಟಿಗೂ ವ್ಯತ್ಯಾಸ ಮಾಡಿ. ಸಾಧ್ಯವಾದರೆ ತಾವೂ ಸಂಘಟಿತರಾಗಿ, ಆ್ಯಪಿನ ಯಜಮಾನರ ಕಮಿಷನ್ನಿಗೂ ಸರ್ಕಾರದ ಗುತ್ತಿಗೆಗೂ ಎದುರಾಗಿ ಮಾತನಾಡಿ. ಆಗ ತಮ್ಮ ಹಿತವೂ ರೋಗಿಯ ಹಿತವೂ ಒಂದೇ ಎಂಬುದು ಕಾಣುತ್ತದೆ.

ಕಾಲು ಮುರಿದವನು ಜಿಲ್ಲಾ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ ಸರತಿಯಲ್ಲಿ ನಿಲ್ಲುತ್ತಾನೆ. ಅವನನ್ನು ಯಾರೂ ‘ನಿನ್ನ ಸಂಬಳವೆಷ್ಟು’ ಎಂದು ಕೇಳಿ ಹಿಂದಕ್ಕೆ ಕಳುಹಿಸುವುದಿಲ್ಲ. ಮನಸ್ಸು ಮುರಿದವನಿಗೂ ಅದೇ ಚೀಟಿ, ಅದೇ ದರ, ಅದೇ ಕಟ್ಟಡದಲ್ಲಿ ಬಾಗಿಲು ಹಾಕಿಕೊಂಡು ಮಾತನಾಡಲು ಒಂದು ಕೋಣೆ ಇರಬೇಕು. ಇದಕ್ಕಿಂತ ಹೆಚ್ಚನ್ನು ನಾವು ಕೇಳುತ್ತಿಲ್ಲ. ಇದಕ್ಕಿಂತ ಕಡಿಮೆಯದನ್ನು ಒಪ್ಪುವುದೂ ಇಲ್ಲ.